ಕೈ ಒರೆಸಿಕೊಂಡರೆ ಮಾತು

ನಮ್ಮ ಹಾಸ್ಟೆಲಿನಷ್ಟು ಗಲಾಟೆಯ ಜಾಗ ಆ ಬಡಾವಣೆಯಲ್ಲೇ ಇನ್ನೊಂದಿರಲಿಲ್ಲ. ಬೆಳಗಿನ ಜಾವ ಬಚ್ಚಲಲ್ಲಿ ತಗಡಿನ ಬಕೆಟ್ಟು ಬೀಳುವುದರಿಂದ ಶುರು. ಆಮೇಲೆ ಬಾಗಿಲು ಧಡಾರ್ ಎನ್ನುವುದು, ಬೆಂಚು ಕಿರುಗುಟ್ಟುವುದು, ಸ್ಟೀಲ್ ತಟ್ಟೆಗಳು ಒಂದರ ಮೇಲೊಂದು ಬೀಳುವುದು, ನಡುನಡುವೆ ಗಂಟಲಾಳದಿಂದ ಬರುವ ನಗು. ರಾತ್ರಿ ಒಂಬತ್ತರವರೆಗೆ ಬಿಡುವೇ ಇಲ್ಲ. ಊರಿನವರು ಮಾತ್ರ ಅದನ್ನು ‘ಮೂಗರ ಸ್ಕೂಲು’ ಎನ್ನುತ್ತಿದ್ದರು. ಆಟೋದವರಿಗೂ ಹಾಗೆಂದರೇ ಗೊತ್ತಾಗುತ್ತಿದ್ದದ್ದು. ಒಳಗಿದ್ದ ಅರವತ್ತು ಚಿಲ್ಲರೆ ಹುಡುಗರಿಗೆ ತಮ್ಮ ಸದ್ದು ತಮಗೇ ಕೇಳದ ಮೇಲೆ ಯಾರು ಯಾರಿಗೆ ‘ಶ್’ ಅಂದಾರು? ಅಲ್ಲಿ ಬೆಳೆದ ನನಗೆ ಇವತ್ತಿಗೂ ಗದ್ದಲವಿದ್ದರೇ ಒಳ್ಳೆಯ ನಿದ್ದೆ.

ಅಮ್ಮ ಅಲ್ಲಿ ಅಡುಗೆಯವಳು. ಮೈಸೂರಿನ ಆ ಹಾಸ್ಟೆಲಿನ ಹಿಂದೆ ಸೌದೆ ಕೊಟ್ಟಿಗೆಗೆ ಅಂಟಿಕೊಂಡ ಒಂದು ಕೋಣೆಯಲ್ಲಿ ನಾವಿಬ್ಬರೇ ಇದ್ದೆವು. ನಾನು ಎರಡನೇ ಕ್ಲಾಸಿನಲ್ಲಿದ್ದಾಗ ಹೋಗಿದ್ದು, ಎಸ್ಸೆಸ್ಸೆಲ್ಸಿ ಮುಗಿಸಿ ಹೊರಬಿದ್ದಿದ್ದು. ಎಂಬತ್ತರ ದಶಕ ಪೂರ್ತಿ ಅಲ್ಲೇ ಕಳೆಯಿತು ಅನ್ನಬಹುದು.

ಬಂದ ಹೊಸತರಲ್ಲಿ ಅಮ್ಮ ಹುಡುಗರ ಜತೆ ಜೋರಾಗಿ ಕೂಗಿ ಮಾತಾಡುತ್ತಿದ್ದಳು. ಕಿವುಡರೆಂದರೆ ಸ್ವಲ್ಪ ಗಟ್ಟಿಯಾಗಿ ಹೇಳಬೇಕು ಅಷ್ಟೇ ಎಂದು ಅವಳ ತಿಳುವಳಿಕೆ. ಹುಡುಗರು ಅವಳ ಬಾಯನ್ನೇ ನೋಡಿ ನಗುವರು. ವಾರ ಕಳೆಯುವಷ್ಟರಲ್ಲಿ ‘ಇನ್ನೊಂದು’, ‘ಸಾಕು’, ‘ಉಪ್ಪಿಲ್ಲ’ ಮೂರನ್ನೂ ಕಲಿತಳು. ಅಡುಗೆಯವಳಿಗೆ ಮೊದಲು ಬೇಕಾದದ್ದು ಅಷ್ಟೇ ತಾನೇ? ಆರು ತಿಂಗಳಿಗೆ ಬೈಯುವುದನ್ನೂ ಕಲಿತಳು. ಭಾಷೆ ಬಂತು ಅನ್ನುವುದು ಬೈಗುಳ ಬಂದ ಮೇಲೇ.

ಅವಳಿಗೆ ಒಂದೇ ತೊಡಕು, ಕೈ ಯಾವಾಗಲೂ ಕೆಲಸದಲ್ಲಿರುತ್ತಿತ್ತು. ಕೊಪ್ಪರಿಗೆಯಲ್ಲಿ ಎಸರು ಕುದಿಯುವಾಗ ರಾಗಿ ಹಿಟ್ಟು ಸುರಿದು, ಎರಡು ಕಾಲಿಂದ ಪಾತ್ರೆಯನ್ನು ಒತ್ತಿ ಹಿಡಿದು ಕೋಲಿನಿಂದ ತಿರುವುತ್ತಿದ್ದಳು. ಆ ಹೊತ್ತಿಗೇ ಯಾವನೋ ಹುಡುಗ ಬಂದು ‘ಅವನು ನನ್ನ ಪೆನ್ಸಿಲ್ ಕದ್ದ’ ಎಂದು ಶುರುಮಾಡುವನು. ಹುಬ್ಬು, ಗದ್ದ, ತುಟಿ ಬಳಸಿ ಆದಷ್ಟು ಉತ್ತರ ಕೊಡುವಳು. ಅದರಲ್ಲಿ ಮುಗಿಯದಿದ್ದರೆ ಕೋಲು ಬಿಟ್ಟು, ಕೈ ತೊಳೆದು, ಸೆರಗಿಗೆ ಎರಡು ಸಲ ಒರೆಸಿಕೊಳ್ಳುವಳು. ಅಮ್ಮ ಕೈ ಒರೆಸಿಕೊಂಡಳೆಂದರೆ ಮಾತಾಡಲಿದ್ದಾಳೆ ಎಂದರ್ಥ. ಅಷ್ಟು ಕಂಡರೆ ಅಡುಗೆಮನೆ ಬಾಗಿಲಲ್ಲಿ ನಿಂತವರೆಲ್ಲ ನೆಟ್ಟಗಾಗುತ್ತಿದ್ದರು.

ಹಾಜರಿ ಪುಸ್ತಕದಲ್ಲಿ ಎಲ್ಲರಿಗೂ ಹೆಸರಿತ್ತು. ಅದು ಮೇಷ್ಟರಿಗೆ. ಹುಡುಗರೊಳಗೆ ಎಲ್ಲರಿಗೂ ಕೈಯಲ್ಲಿ ಬೇರೆಯೇ ಹೆಸರು. ಮೀಸೆ ತಿರುವಿದರೆ ವಾರ್ಡನ್. ಜೇಬಿನ ಮೇಲೆ ಎರಡು ಬೆರಳಿಟ್ಟರೆ ಎರಡು ಪೆನ್ನು ಸಿಕ್ಕಿಸಿಕೊಳ್ಳುವ ಹೆಡ್‌ಮಾಸ್ಟರು. ಎರಡು ಅಂಗೈ ಸೇರಿಸಿ ದುಂಡಗೆ ತಿರುವಿದರೆ ಅದು ಮುದ್ದೆಯೂ ಹೌದು, ಅಮ್ಮನೂ ಹೌದು. ಒಬ್ಬನಿಗೆ ಹುಬ್ಬಿನ ಮೇಲೆ ಹಳೇ ಗಾಯದ ಗೆರೆ ಇತ್ತು, ಅಲ್ಲಿ ಬೆರಳೆಳೆದರೆ ಅವನು. ಇನ್ನೊಬ್ಬನದು ಗುಳಿಕೆನ್ನೆ. ಉದ್ದ ಕಾಲಿನವನೊಬ್ಬನಿಗೆ ಕೊಕ್ಕರೆಯ ಕೊಕ್ಕು. ನನ್ನ ಹೆಸರು ತೋರುಬೆರಳಿನಿಂದ ಕಿವಿಯನ್ನು ಎರಡು ಸಲ ತಟ್ಟುವುದು. ಕಿವಿ ಕೇಳುವ ಹುಡುಗ ಅಲ್ಲಿದ್ದದ್ದು ನಾನೊಬ್ಬನೇ. ಒಬ್ಬನ ಕುಂಟು, ಒಬ್ಬನ ಗಾಯ, ನನ್ನದೊಂದು ಕಿವಿ, ಎಲ್ಲಾ ಒಂದೇ ಲೆಕ್ಕ. ಇಷ್ಟು ವರ್ಷದ ಮೇಲೆ ಅವರಲ್ಲಿ ಎಷ್ಟೋ ಜನರ ಹಾಜರಿ ಹೆಸರು ನನಗೆ ಮರೆತಿದೆ, ಕೈ ಹೆಸರು ಒಂದೂ ಮರೆತಿಲ್ಲ. ಏನು ಮಾಡುವುದು, ಅವನ್ನು ಕಾಗದದ ಮೇಲೆ ಬರೆಯಲು ಬರುವುದಿಲ್ಲ.

ಕ್ಲಾಸಿನೊಳಗೆ ಕೈ ಆಡಿಸುವ ಹಾಗಿರಲಿಲ್ಲ. ಅಲ್ಲಿ ಬಾಯಿ ಮಾತೇ ಆಗಬೇಕು. ದೊಡ್ಡ ಕನ್ನಡಿಯ ಮುಂದೆ ಮೇಷ್ಟರೂ ಹುಡುಗನೂ ಅಕ್ಕಪಕ್ಕ ಕೂರುವರು. ತುಟಿಯ ಮುಂದೆ ಕಾಗದದ ಚೂರು ಹಿಡಿದು ‘ಪ’ ಅನ್ನಿಸುವರು. ಕಾಗದ ಹಾರಿದರೆ ‘ಪ’ ಬಂತು. ಮೇಷ್ಟರ ಗಂಟಲ ಮೇಲೆ ಹುಡುಗನ ಕೈ ಇರಿಸಿ ‘ಬ’ ಅನ್ನುವರು, ಅದುರಿದರೆ ‘ಬ’. ಮೂಗಿನ ಪಕ್ಕ ಬೆರಳಿಟ್ಟರೆ ‘ಮ’. ಕನ್ನಡಿಯಲ್ಲಿ ನೋಡುವವನಿಗೆ ಮಾತ್ರ ಮೂರೂ ಒಂದೇ. ನೀವೇ ಕನ್ನಡಿ ಮುಂದೆ ನಿಂತು ಸದ್ದಿಲ್ಲದೆ ‘ಪಾಪ’, ‘ಬಾಬ’, ‘ಮಾಮ’ ಅಂದು ನೋಡಿ, ತುಟಿಯಲ್ಲಿ ಎಳ್ಳಷ್ಟೂ ವ್ಯತ್ಯಾಸವಿಲ್ಲ. ಇನ್ನು ‘ಕ’, ‘ಗ’ಗಳು ಗಂಟಲೊಳಗೇ ಹುಟ್ಟಿ ಬರುವಂಥವು, ತುಟಿಯಲ್ಲಿ ಏನೂ ಕಾಣುವುದೇ ಇಲ್ಲ. ಎದೆಯ ಜೇಬಿನಲ್ಲಿ ಬೆಂಕಿಪೆಟ್ಟಿಗೆಗಿಂತ ದೊಡ್ಡದಾದ ಶ್ರವಣಯಂತ್ರ, ಅದರಿಂದ ಕಿವಿಗೆ ವೈರು. ಸೆಲ್ಲು ಮುಗಿದರೂ ಅದನ್ನು ತಗುಲಿಸಿಕೊಂಡೇ ಕೂತಿರಬೇಕು. ಸ್ವಲ್ಪ ಕೇಳುವವರಿಗೆ ಅದರಿಂದ ಉಪಕಾರವಾಯಿತು, ಇಲ್ಲವೆನ್ನಲಾರೆ. ಇಬ್ಬರು ಮೂವರು ಚೆನ್ನಾಗಿಯೇ ಮಾತಾಡಿದರು. ಉಳಿದವರಿಗೆ ಒಂದು ವರ್ಷಕ್ಕೆ ಹತ್ತು ಪದ, ಅದೂ ಅವರ ಅಮ್ಮನಿಗೆ ಮಾತ್ರ ಅರ್ಥವಾಗುವಂಥದ್ದು.

ಈ ಕಟ್ಟಳೆಯ ಬೇರು ಎಲ್ಲಿತ್ತು ಎಂದು ನನಗೆ ಗೊತ್ತಾಗಿದ್ದು ಬಹಳ ತಡವಾಗಿ. 1880ರಲ್ಲಿ ಇಟಲಿಯ ಮಿಲಾನಿನಲ್ಲಿ ಕಿವುಡರ ಶಿಕ್ಷಣದ ಬಗ್ಗೆ ಒಂದು ದೊಡ್ಡ ಸಭೆ ಸೇರಿತ್ತಂತೆ. ಬಂದವರು ಹೆಚ್ಚುಕಮ್ಮಿ ಎಲ್ಲರೂ ಕಿವಿ ಕೇಳುವವರು. ಸನ್ನೆಗಿಂತ ಬಾಯಿಮಾತೇ ಮೇಲು ಎಂದು ಠರಾವು ಮಾಡಿ ಎದ್ದುಹೋದರು. ಅದು ಊರೂರು ಸುತ್ತಿ, ನೂರು ವರ್ಷದ ಮೇಲೆ ನಮ್ಮ ಹಾಸ್ಟೆಲಿನ ಹುಡುಗನ ಗೆಣ್ಣಿನ ಮೇಲೆ ಅಡಿಪಟ್ಟಿಯ ಏಟಾಗಿ ಬೀಳುತ್ತಿತ್ತು. 2010ರಲ್ಲಿ ಅದೇ ಸಮ್ಮೇಳನ ಕೆನಡಾದ ವ್ಯಾಂಕೂವರಿನಲ್ಲಿ ಸೇರಿ, ಆ ಠರಾವುಗಳನ್ನು ತಳ್ಳಿಹಾಕಿ ವಿಷಾದ ಸೂಚಿಸಿತು. ಅಷ್ಟು ಹೊತ್ತಿಗೆ ನಮ್ಮ ಕೊಕ್ಕರೆಗೆ ಮೊಮ್ಮಗ ಹುಟ್ಟಿದ್ದ. ಹಾಗೆಂದು ಮೇಷ್ಟರನ್ನು ದೂರಲಾರೆ. ಹಗಲಲ್ಲಿ ಅಡಿಪಟ್ಟಿ ಹಿಡಿದವರೇ ಸಂಜೆ ಕೇರಂ ಬೋರ್ಡಿನ ಮುಂದೆ ಕೂತು ಎರಡೂ ಕೈಯಲ್ಲಿ ಜಗಳವಾಡುತ್ತಿದ್ದರು. ಅವರು ಕೈಬೀಸಿ ಮಾತಾಡುವ ವರಸೆ ಕ್ಲಾಸಿನಲ್ಲಿ ಕಲಿತದ್ದಲ್ಲ, ಹುಡುಗರಿಂದಲೇ ಬಂದದ್ದು.

ಹುಡುಗರ ನಿಜವಾದ ಶತ್ರು ಮೇಷ್ಟರಲ್ಲ, ಕೆ.ಇ.ಬಿ. ಆ ಕಾಲದಲ್ಲಿ ಮಳೆ ಕೈಕೊಟ್ಟರೆ ಕರೆಂಟೂ ಕೈಕೊಡುತ್ತಿತ್ತು. ನಮ್ಮನಿಮ್ಮ ಮನೆಯಲ್ಲಿ ದೀಪ ಹೋದರೆ ಮಾತು ಜಾಸ್ತಿಯಾಗುತ್ತದೆ. ಅಲ್ಲಿ ದೀಪ ಹೋದರೆ ಮಾತೇ ಹೋಯಿತು. ಅರ್ಧ ವಾಕ್ಯದಲ್ಲಿ ಅರವತ್ತು ಜನ ಒಟ್ಟಿಗೆ ಮೂಕರಾಗುವುದನ್ನು ನಾನು ಅಲ್ಲಿ ಮಾತ್ರ ಕಂಡಿದ್ದು. ಪಕ್ಕದವನ ಅಂಗೈ ಎಳೆದುಕೊಂಡು ಅದರ ಮೇಲೆ ಬೆರಳಿಂದ ಗೀಚುವರು. ಅದು ಎರಡು ಮಾತಿಗೆ ಸಾಕು, ಕತೆಗೆ ಸಾಲದು. ಒಂಬತ್ತಕ್ಕೆ ವಾರ್ಡನ್ ಲೈಟ್ ಆರಿಸುವುದೂ ಅಷ್ಟೇ, ಬಾಯಿ ಮೇಲೆ ಕೈಯಿಟ್ಟ ಹಾಗೆ. ದೊಡ್ಡ ಹುಡುಗರು ಚಂದಾ ಎತ್ತಿ ಒಂದು ಎವೆರೆಡಿ ಟಾರ್ಚ್ ತಂದರು. ಕಂಬಳಿಯಿಂದ ಕಿಟಕಿ ಮುಚ್ಚಿ, ಮಾತಾಡುವವನ ಕೈ ಮೇಲೆ ಬೆಳಕು ಬಿಡಲು ಒಬ್ಬನನ್ನು ಕೂರಿಸುವರು. ಅವನಿಗೆ ಉತ್ತರ ಕೊಡಬೇಕೆನಿಸಿದರೆ ಟಾರ್ಚನ್ನು ಇನ್ನೊಬ್ಬನಿಗೆ ದಾಟಿಸಬೇಕು. ಸೆಲ್ಲು ಕಂದಿದಂತೆ ಕತೆ ಹೇಳುವವನು ಅವಸರ ಮಾಡುವನು. ಎಷ್ಟೋ ರಾಜಕುಮಾರಿಯರು ಹೀಗೆ ಸೆಲ್ಲಿನ ದೆಸೆಯಿಂದ ಬೇಗಬೇಗ ಮದುವೆಯಾದರು.

ಹಾಗಾಗಿ ಹುಣ್ಣಿಮೆಯೆಂದರೆ ಹಬ್ಬ. ಪಂಚಾಂಗ ನೋಡದ ಹುಡುಗರಿಗೂ ಹುಣ್ಣಿಮೆ ಎಂದೆಂಬುದು ಬೆರಳ ತುದಿಯಲ್ಲಿತ್ತು. ಅಂಗಳದ ಮೆಟ್ಟಿಲ ಮೇಲೆ ಕೂತರೆ ನಡುರಾತ್ರಿಯಾದರೂ ಏಳುತ್ತಿರಲಿಲ್ಲ. ವಾರ್ಡನ್ ಒಳ್ಳೆಯವರು, ಆವತ್ತೊಂದು ದಿನ ಬೇಗ ಮಲಗಿಬಿಡುತ್ತಿದ್ದರು.

ಊಟದ ಹೊತ್ತಿನ ಮಾತೇ ಬೇರೆ. ಬಲಗೈ ಮುದ್ದೆಯಲ್ಲಿ, ಎಡಗೈ ಒಂದೇ ಬಿಡುವು. ಎಂಜಲು ಕೈಯಲ್ಲಿ ಮಾತಾಡಬಾರದೆಂದು ಅಮ್ಮನ ಕಟ್ಟಪ್ಪಣೆ. ಒಮ್ಮೆ ಗುಳಿಕೆನ್ನೆಯವನು ಕ್ರಿಕೆಟ್ ಕತೆ ಹೇಳುತ್ತಾ ಸಿಕ್ಸರ್ ಹೊಡೆದ ರಭಸಕ್ಕೆ ಸೊಪ್ಪಿನ ಸಾರು ಎದುರಿನವನ ಮುಖಕ್ಕೆ ಹಾರಿತ್ತು. ಅಂದಿನಿಂದ ಊಟದಲ್ಲಿ ಎಲ್ಲರೂ ಎಡಚರು.

ಗಣಪತಿ ಹಬ್ಬಕ್ಕೆ ಹದಿನೈದು ದಿನದಿಂದಲೇ ತಯಾರಿ. ಕುಂಬಾರಗೇರಿಗೆ ಹೋಗಿ ಮೂರ್ತಿ ಆರಿಸುವುದು ದೊಡ್ಡವರ ಕೆಲಸ, ಚೌಕಾಸಿ ಮಾಡಲು ‘ಕಿವಿ’ ಜತೆಗೆ. ಸೊಂಡಿಲಿನ ಹಾಗೆ ತೋಳು ಇಳಿಬಿಟ್ಟರೆ ಗಣಪ. ಒಂದು ಸಲ ಹುಬ್ಬುಗಾಯದವನು ಮೂರ್ತಿಯನ್ನು ಬಹಳ ಹೊತ್ತು ದಿಟ್ಟಿಸಿ, ‘ಅಷ್ಟು ದೊಡ್ಡ ಕಿವಿ ಇಟ್ಟುಕೊಂಡೂ ಯಾರು ಕೂಗಿದರೂ ತಿರುಗಿ ನೋಡಲ್ಲ. ಇವನೂ ನಮ್ಮ ಸ್ಕೂಲಿನವನೇ’ ಎಂದ. ಈ ಮಾತು ಹಾಸ್ಟೆಲಿನಲ್ಲಿ ಮೂರು ವರ್ಷ ಓಡಿತು. ಪ್ರತಿ ಚೌತಿಗೂ ಹೊಸ ಹುಡುಗರಿಗೆ ಯಾರಾದರೊಬ್ಬರು ಹೇಳಿಯೇ ಹೇಳುವರು.

ಬಿಡುವ ದಿನ ತಮಟೆಯವರು ಬರುತ್ತಿದ್ದರು. ರಸ್ತೆ ಬದಿಯಲ್ಲಿ ಕಾಗದ, ಹುಲ್ಲು ಉರಿಸಿ ಚರ್ಮ ಕಾಯಿಸುವರು. ಹುಡುಗರಿಗೆ ಮೆರವಣಿಗೆಯ ಮುಂದಾಳತ್ವ ಬೇಡ, ಕುಣಿಯಲೂ ಅವಸರವಿಲ್ಲ; ತಮಟೆಯ ಪಕ್ಕದಲ್ಲೇ ಜಾಗ ಬೇಕು. ಅದಕ್ಕಾಗಿ ನೂಕಾಟ. ಎದೆಯ ಮೇಲೆ ಅಂಗೈ ಇಟ್ಟುಕೊಂಡು ನಿಲ್ಲುವರು. ಏಟು ಬಿದ್ದಾಗಲೆಲ್ಲ ಎದೆಗೂಡೊಳಗೆ ಅದು ಗುದ್ದುತ್ತದಂತೆ. ಒಬ್ಬ ಚಿಕ್ಕವನು, ಏಳೋ ಎಂಟೋ ವರ್ಷ, ಹಿಂದಿನಿಂದ ಹೋಗಿ ತಮಟೆಯ ಬೆನ್ನಿಗೆ ಅಂಗೈ ಒತ್ತಿಬಿಟ್ಟ. ಸದ್ದು ಕೆಟ್ಟಿತು. ಬಾರಿಸುವವನು ಸಿಟ್ಟಿನಿಂದ ತಿರುಗಿ ಕೋಲೆತ್ತಿದವನು ಹುಡುಗನ ಮುಖ ಕಂಡು ನಿಂತ. ಆಮೇಲೆ ಅವನೇ ಬಗ್ಗಿ, ತಮಟೆಯನ್ನು ಹುಡುಗನ ಹೊಟ್ಟೆಗೆ ತಾಗಿಸಿ ಹಿಡಿದು ನಾಲ್ಕು ಏಟು ಮೆಲ್ಲಗೆ, ನಾಲ್ಕು ಏಟು ಜೋರಾಗಿ ಬಾರಿಸಿದ. ಹುಡುಗ ಮೊದಲು ಹೆದರಿದ, ಆಮೇಲೆ ಕಣ್ಣು ಮುಚ್ಚಿದ. ಕಿವುಡ ಮಕ್ಕಳು ಎಚ್ಚರವಿರುವಾಗ ಕಣ್ಣು ಮುಚ್ಚುವುದು ಅಪರೂಪ. ಮುಂದಿನ ವರ್ಷದಿಂದ ಆ ತಮಟೆಯವನು ಹೊರಡುವ ಮೊದಲು ಹಾಸ್ಟೆಲಿನ ಅಂಗಳದಲ್ಲಿ ಹುಡುಗರನ್ನು ಸಾಲಾಗಿ ನಿಲ್ಲಿಸಿ ಒಬ್ಬೊಬ್ಬರಿಗೂ ಒಂದು ಸುತ್ತು ಕೊಡುತ್ತಿದ್ದ, ತೀರ್ಥ ಕೊಟ್ಟ ಹಾಗೆ.

ಸೆಪ್ಟೆಂಬರಿನ ಕೊನೇ ಭಾನುವಾರ ವಿಶ್ವ ಕಿವುಡರ ದಿನ. ಬಟ್ಟೆಯ ಬ್ಯಾನರ್ ಹಿಡಿದು ಬೀದಿಯಲ್ಲಿ ಮೆರವಣಿಗೆ, ಆಮೇಲೆ ಸಭೆ. ಮುಖ್ಯ ಅತಿಥಿಗಳು ಮುಕ್ಕಾಲು ಗಂಟೆ ಭಾಷಣ ಮಾಡುವರು. ಅದನ್ನು ಸನ್ನೆಯಲ್ಲಿ ಹೇಳುವವರು ಯಾರೂ ಇರುತ್ತಿರಲಿಲ್ಲ. ಯಾರಿಗೂ ಅದು ಹೊಳೆದೂ ಇರಲಿಲ್ಲ. ಒಂದು ವರ್ಷ ಕೊಕ್ಕರೆ ವೇದಿಕೆಯ ಪಕ್ಕದ ಕಂಬಕ್ಕೆ ಒರಗಿ ನಿಂತು, ಅತಿಥಿಗಳ ಹಿಂದಿನಿಂದ ಅವರ ಅಣಕು ಭಾಷಣ ಶುರುಮಾಡಿದ. ಅವರು ಕೈ ಎತ್ತಿದಾಗ ‘ನಿನ್ನೆ ಇಷ್ಟು ದೊಡ್ಡ ಮೀನು ತಿಂದೆ’, ಎದೆ ಮುಟ್ಟಿಕೊಂಡಾಗ ‘ಮುಳ್ಳು ಇಲ್ಲಿ ಸಿಕ್ಕಿಕೊಂಡಿದೆ’. ಹುಡುಗರು ಬಿದ್ದು ಬಿದ್ದು ನಕ್ಕರು. ಅತಿಥಿಗಳಿಗೆ ಬಹಳ ಸಂತೋಷವಾಯಿತು. ಇಷ್ಟು ಗಮನವಿಟ್ಟು ಕೇಳುವ ಸಭೆಯನ್ನು ತಾವು ಕಂಡೇ ಇಲ್ಲ ಎಂದು ಇನ್ನೂ ಹತ್ತು ನಿಮಿಷ ಮಾತಾಡಿದರು. ಊಟದ ಸಾಲಿನಲ್ಲಿ ನಿಂತು ಕಾಯುತ್ತಿದ್ದ ಅಮ್ಮನೊಬ್ಬಳಿಗೇ ಸಿಟ್ಟು, ಪಾಯಸ ಗಟ್ಟಿಯಾಗುತ್ತಿದೆಯೆಂದು.

1987 ನಮ್ಮ ಹಾಸ್ಟೆಲಿನ ಪಾಲಿಗೆ ದೊಡ್ಡ ವರ್ಷ. ದಾನಿಗಳೊಬ್ಬರು ಟೀವಿ ಕೊಟ್ಟಿದ್ದರು. ಭಾನುವಾರ ಬೆಳಗ್ಗೆ ರಾಮಾಯಣ. ಹಿಂದಿ ಅಮ್ಮನಿಗೂ ಬಾರದು, ಹುಡುಗರಿಗೂ ಕೇಳದು. ಆದರೆ ಮುಖ ನೋಡಿ ಕತೆ ಹಿಡಿಯುವುದರಲ್ಲಿ ಅವರು ಪಳಗಿದವರು. ಹಾಗಾಗಿ ಕೈಕೇಯಿ ಏನು ಕೇಳಿದಳು, ದಶರಥ ಯಾಕೆ ಬಿದ್ದ ಎಂದು ಅಮ್ಮ ಹುಬ್ಬುಗಾಯದವನನ್ನು ಕೇಳಿ ತಿಳಿದುಕೊಳ್ಳುವಳು. ಅದೇ ವರ್ಷ ದೂರದರ್ಶನದಲ್ಲಿ ಭಾನುವಾರ ಮಧ್ಯಾಹ್ನ ಕಿವುಡರಿಗಾಗಿ ಸನ್ನೆಯ ವಾರ್ತೆ ಶುರುವಾಯಿತು. ಮೊದಲ ಸಲ ಟೀವಿಯಲ್ಲಿ ಕೈ ಮಾತಾಡಿದ್ದನ್ನು ಕಂಡಾಗ ಕೋಣೆಯಲ್ಲಿ ಒಂದು ಕ್ಷಣ ಯಾರ ಕೈಯೂ ಅಲುಗಲಿಲ್ಲ. ಆಮೇಲೆ ತಕರಾರು ಎದ್ದಿತು. ಅರ್ಧದಷ್ಟು ಸನ್ನೆ ನಮ್ಮದಲ್ಲ, ದೆಹಲಿಯದು. ‘ಮಂತ್ರಿ’ಗೆ ನಾವು ಹೀಗೆ ಮಾಡುತ್ತೇವೆ, ಅವರು ಹಾಗೆ ಮಾಡುತ್ತಾರೆ. ಧಾರವಾಡದವರ ಕನ್ನಡ ಮೊದಲ ಸಲ ಕೇಳಿದ ಮೈಸೂರಿನವರ ಹಾಗೆ ವಾದಿಸಿದರು. ಎರಡು ತಿಂಗಳಿಗೆ ಅವರ ಮಾತಲ್ಲೂ ದೆಹಲಿಯ ಸನ್ನೆ ನುಸುಳಿತ್ತು.

ಟೀವಿಗಿಂತ ದೊಡ್ಡ ಸಂಗತಿಯೆಂದರೆ ‘ಪುಷ್ಪಕ ವಿಮಾನ’. ಸಿಂಗೀತಂ ಶ್ರೀನಿವಾಸ ರಾವ್ ಬೆಂಗಳೂರಿನಲ್ಲಿ ತೆಗೆದ, ಒಂದೇ ಒಂದು ಮಾತಿಲ್ಲದ ಸಿನಿಮಾ. ಹೆಡ್‌ಮಾಸ್ಟರು ಥಿಯೇಟರಿನವರ ಜತೆ ಮಾತಾಡಿ ಇಡೀ ಹಾಸ್ಟೆಲನ್ನು ಕರೆದುಕೊಂಡು ಹೋದರು. ಅಲ್ಲಿಯವರೆಗೆ ಸಿನಿಮಾ ಎಂದರೆ ಫೈಟಿಂಗ್ ಬರುವವರೆಗೆ ಕಾಯುವುದು. ಇಲ್ಲಿ ಮೊದಲ ರೀಲಿನಿಂದಲೇ ಎಲ್ಲರ ಜತೆ ಅವರೂ ನಕ್ಕರು, ಕೆಲವು ಕಡೆ ಊರಿನವರಿಗಿಂತ ಒಂದು ಗಳಿಗೆ ಮುಂಚೆಯೇ. ಟಿನ್ನು ಆನಂದ್ ಮಂಜುಗಡ್ಡೆಯ ಚಾಕು ಹಿಡಿದು ಕಮಲ್ ಹಾಸನ್ ಹಿಂದೆ ಬೀಳುವುದು, ಅದು ಕರಗುವುದು, ಆಮೇಲೆ ತಿಂಗಳುಗಟ್ಟಲೆ ನಮ್ಮ ಅಂಗಳದ ನಾಟಕವಾಯಿತು.

ಒಂದು ಕಡೆ ಮಾತ್ರ ಥಿಯೇಟರಿಗೆ ಥಿಯೇಟರೇ ನಕ್ಕಾಗ ನಮ್ಮ ಎರಡು ಸಾಲು ಸುಮ್ಮನೆ ಕೂತಿತ್ತು. ಥಿಯೇಟರ್ ಪಕ್ಕದ ವಠಾರದಲ್ಲಿ ಸಿನಿಮಾ ಸದ್ದಿನಲ್ಲೇ ಮಲಗಿ ಅಭ್ಯಾಸವಾದ ನಾಯಕನಿಗೆ ದೊಡ್ಡ ಹೋಟೆಲಿನ ನಿಶ್ಶಬ್ದದಲ್ಲಿ ನಿದ್ದೆ ಬರುವುದಿಲ್ಲ. ಹೋಗಿ ಆ ಗಲಾಟೆಯನ್ನೆಲ್ಲ ಟೇಪು ಮಾಡಿಕೊಂಡು ಬಂದು, ಹಚ್ಚಿಟ್ಟು, ಹಾಯಾಗಿ ಮಲಗುತ್ತಾನೆ. ಎಲ್ಲರೂ ನನ್ನ ಕಡೆ ತಿರುಗಿ ಕಿವಿ ತಟ್ಟಿದರು: ಏನದು? ಪರದೆಯ ಬೆಳಕಿನಲ್ಲಿ ಕೈಯಾಡಿಸಿ ವಿವರಿಸಿದೆ. ಸದ್ದು ಇಲ್ಲದಿದ್ದರೆ ನಿದ್ದೆ ಬರುವುದಿಲ್ಲವೆ? ಯಾಕೆ? ಇದರಲ್ಲಿ ನಗುವುದು ಏನಿದೆ? ಹಾಸ್ಟೆಲಿಗೆ ನಡೆದು ಬರುವವರೆಗೂ ಈ ಪ್ರಶ್ನೆ ಬಿಡಲಿಲ್ಲ. ನಾನೂ ಹಾಗೇ ಎಂದು ಹೇಳಲು ಹೋಗಿ ಸುಮ್ಮನಾದೆ.

ಹಾಸ್ಟೆಲ್ ಕತೆಗಳಲ್ಲಿ ಮಕ್ಕಳು ಜೂನ್ ತಿಂಗಳಲ್ಲಿ ಅಳುತ್ತಾರೆ. ನಮ್ಮವರು ಅಳುತ್ತಿದ್ದದ್ದು ಏಪ್ರಿಲಿನಲ್ಲಿ. ಅಪ್ಪಂದಿರು ಬಂದು ಟ್ರಂಕು ಹೊತ್ತಾಗ ಗೇಟಿನ ಕಂಬಿ ಹಿಡಿದು ನಿಂತವರನ್ನು ಬಿಡಿಸಬೇಕಾಗುತ್ತಿತ್ತು. ನನಗೆ ಇದು ಮೊದಮೊದಲು ಅರ್ಥವಾಗಲಿಲ್ಲ. ಮನೆಯಲ್ಲಿ ಅಮ್ಮ, ಹಬ್ಬ, ಮಾವಿನಹಣ್ಣು ಎಲ್ಲಾ ಇರುವಾಗ ಹೀಗೇಕೆ? ಅರ್ಥವಾದದ್ದು ಹುಬ್ಬುಗಾಯದವನಿಂದ. ಅವನದು ಹನೂರಿನ ಕಡೆಯ ಹಳ್ಳಿ. ಮನೆಯವರಿಗೆ ಗೊತ್ತಿದ್ದ ಸನ್ನೆ ನಾಲ್ಕು: ಉಣ್ಣು, ಮಲಗು, ದನ, ಬಾ. ಒಂದು ಬೇಸಿಗೆ ರಜೆ ಮುಗಿಸಿ ಬಂದವನು ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ಅಮ್ಮ ಕೈ ಒರೆಸಿಕೊಂಡು ಕೇಳಿದಳು. ಮನೆಗೆ ಚಪ್ಪರ ಹಾಕಿದ್ದರು. ನನಗೂ ಹೊಸ ಅಂಗಿ ಹೊಲಿಸಿದರು. ಅಕ್ಕನಿಗೆ ಅರಿಶಿನ ಹಚ್ಚಿದರು. ಒಬ್ಬ ಮನುಷ್ಯ ಬಂದ. ಅಕ್ಕ ಅಳುತ್ತಾ ಅವನ ಹಿಂದೆ ಹೋದಳು. ಮದುವೆ ಅಂತ ಗೊತ್ತು. ಯಾವ ಊರಿಗೆ ಹೋದಳು? ಮತ್ತೆ ಬರುತ್ತಾಳೋ ಇಲ್ಲವೋ? ಕೇಳಿದೆ. ಎಲ್ಲರೂ ‘ಉಣ್ಣು’ ಅಂದರು.

ಗೌರಿ ಹಬ್ಬಕ್ಕೆ ಮುಂಚೆ ಅವನ ತಂದೆ ನೋಡಲು ಬಂದಾಗ ಅಮ್ಮ ಅಡುಗೆಮನೆ ಮೆಟ್ಟಿಲ ಮೇಲೆ ಕೂರಿಸಿ, ಮಜ್ಜಿಗೆ ಕೊಟ್ಟು ವಿಚಾರಿಸಿದಳು. ‘ಅದ್ಯಾಕವ್ವಾ ಅವನಿಗೆ?’ ಎಂದು ಆ ಯಜಮಾನರಿಗೆ ಆಶ್ಚರ್ಯ. ಮಗಳನ್ನು ಕೊಟ್ಟದ್ದು ಯಳಂದೂರಿಗೆ. ಅಳಿಯ ರೇಷ್ಮೆ ಕೆಲಸ ಮಾಡುತ್ತಾನೆ. ಮಗಳು ಈಗ ಬಸುರಿ, ದೀಪಾವಳಿಗೆ ಕರೆದುಕೊಂಡು ಬರುತ್ತಾರೆ. ಅವರು ಹೇಳುತ್ತಾ ಹೋದ ಹಾಗೆ ಅಮ್ಮ ಕೈಯಲ್ಲಿ ಹೇಳುತ್ತಾ ಹೋದಳು. ಊರಿನ ಹೆಸರನ್ನು ನಾನು ಸ್ಲೇಟಿನ ಮೇಲೆ ದಪ್ಪಕ್ಷರದಲ್ಲಿ ಬರೆದು ತೋರಿಸಿದೆ. ಅವನು ಅದನ್ನು ಅಳಿಸಲು ಬಿಡಲಿಲ್ಲ. ತಂದೆ ಮಗನ ಮುಖವನ್ನೂ ಅಮ್ಮನ ಕೈಯನ್ನೂ ಒಂದಾದ ಮೇಲೊಂದು ನೋಡುತ್ತಾ ಮಜ್ಜಿಗೆ ಲೋಟ ಹಿಡಿದೇ ಕೂತಿದ್ದರು. ಹೊರಡುವಾಗ ‘ಬಸುರಿ ಅನ್ನಕ್ಕೆ ಹೆಂಗ್ ಮಾಡ್ದೆ, ಇನ್ನೊಂದ್ ಕಿತಾ ತೋರ್ಸವ್ವ’ ಅಂದರು.

ಜೂನ್‌ನಲ್ಲಿ ಹಾಸ್ಟೆಲ್ ತೆರೆಯುವ ದಿನವೇ ನಮ್ಮ ನಿಜವಾದ ಜಾತ್ರೆ. ಬಸ್ಸಿನಿಂದ ಇಳಿಯುವ ಮೊದಲೇ ಕಿಟಕಿಯಿಂದ ಮಾತು ಶುರು. ರಸ್ತೆಯ ಆ ಕಡೆಯವನು ಈ ಕಡೆಯವನಿಗೆ ಲಾರಿ ಆಟೋಗಳ ತಲೆ ಮೇಲಿಂದ ಎರಡು ತಿಂಗಳ ಸುದ್ದಿ ಹೇಳುವನು. ಮೂರು ದಿನ ಮುದ್ದೆ ಆರಿ ಕಲ್ಲಾದರೂ ಯಾರೂ ತಟ್ಟೆ ಮುಟ್ಟುತ್ತಿರಲಿಲ್ಲ. ಅಮ್ಮ ಗೊಣಗುವಳು, ಆದರೆ ಆ ಮೂರು ದಿನ ಹಿಟ್ಟು ಕಡಿಮೆ ಹಾಕುವಳು.

ಈಗ ಸರ್ಕಾರದವರು 2015ರಲ್ಲಿ ದೆಹಲಿಯಲ್ಲಿ ಭಾರತೀಯ ಸನ್ನೆ ಭಾಷೆಗೆಂದೇ ಒಂದು ಕೇಂದ್ರ ಮಾಡಿದ್ದಾರೆ. 2021ರ ಹೊತ್ತಿಗೆ ಅವರ ನಿಘಂಟಿನಲ್ಲಿ 10,000 ಪದಗಳಿದ್ದವು. 2018ರಿಂದ ಸೆಪ್ಟೆಂಬರ್ 23 ಸನ್ನೆ ಭಾಷೆಗಳ ಅಂತರರಾಷ್ಟ್ರೀಯ ದಿನವೂ ಆಗಿದೆ. ನಿಘಂಟಿನ ವೀಡಿಯೊಗಳನ್ನು ನಾನು ಆಗಾಗ ನೋಡುತ್ತೇನೆ. ನಮ್ಮ ಹಾಸ್ಟೆಲಿನ ಸನ್ನೆಗಳು ಅಲ್ಲೊಂದು ಇಲ್ಲೊಂದು ಸಿಕ್ಕಾಗ ದೂರದ ನೆಂಟರು ಕಂಡ ಹಾಗಾಗುತ್ತದೆ.

ಅಮ್ಮನಿಗೆ ಈಗ ಎಂಬತ್ತೊಂದು. ಐದಾರು ವರ್ಷದಿಂದ ಕಿವಿ ಪೂರ್ತಿ ಹೋಗಿದೆ. ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಗೆ ಕರೆದುಕೊಂಡು ಹೋಗಿ ಯಂತ್ರ ಕೊಡಿಸಿದೆ. ಹಿಂದೆ ಅಲ್ಲಿಗೇ ಹುಡುಗರನ್ನು ಕಿವಿ ಪರೀಕ್ಷೆಗೆ ಸಾಲಾಗಿ ನಡೆಸಿಕೊಂಡು ಹೋಗುತ್ತಿದ್ದರು. ‘ಕುಯ್ಯೋ ಅನ್ನುತ್ತೆ’ ಎಂದು ಎರಡೇ ದಿನಕ್ಕೆ ಡಬ್ಬಿಗೆ ಹಾಕಿಟ್ಟಳು. ನನಗೂ ಅವಳಿಗೂ ಅದರ ಅಗತ್ಯವೇ ಬೀಳಲಿಲ್ಲ. ನನ್ನ ಹೆಂಡತಿ ಇಪ್ಪತ್ತು ಸನ್ನೆ ಕಲಿತಿದ್ದಾಳೆ, ಅದರಲ್ಲಿ ಅರ್ಧ ಅಡುಗೆಯದು, ಇನ್ನರ್ಧ ಜಗಳದ್ದು.

ಹುಬ್ಬುಗಾಯದವನು ನಂಜನಗೂಡಿನಲ್ಲಿ ಟೈಲರು. ಮೊನ್ನೆ ಭಾನುವಾರ ವೀಡಿಯೊ ಕಾಲ್ ಮಾಡಿದ. ಅಮ್ಮ ಅಡುಗೆಮನೆಯಲ್ಲಿ ಕೂತು ಸೊಪ್ಪು ಬಿಡಿಸುತ್ತಿದ್ದಳು. ಫೋನನ್ನು ಉಪ್ಪಿನ ಜಾಡಿಗೆ ಒರಗಿಸಿಟ್ಟು ಅವಳ ಭುಜ ಮುಟ್ಟಿದೆ. ಪರದೆಯಲ್ಲಿ ಅವನು ಆಗಲೇ ಎರಡು ಅಂಗೈ ಸೇರಿಸಿ ದುಂಡಗೆ ತಿರುವುತ್ತಿದ್ದ. ಹೊಲಿಗೆ ಯಂತ್ರದ ಪಕ್ಕದಲ್ಲಿ ನರೆಗೂದಲಿನ ಹೆಂಗಸೊಬ್ಬರು ನಿಂತಿದ್ದರು. ಯಾರೆಂದು ನಾನು ಕೇಳುವ ಮೊದಲೇ ಅವನು ತೋರಿಸಿದ: ಅಕ್ಕ, ಯಳಂದೂರು.

ಅಮ್ಮ ‘ತಾಳು’ ಎಂಬಂತೆ ಗದ್ದ ಎತ್ತಿದಳು. ಮಡಿಲಿನ ಸೊಪ್ಪನ್ನು ಮೊರಕ್ಕೆ ಸುರಿದು, ಸೆರಗು ಎಳೆದುಕೊಂಡು ಕೈ ಒರೆಸಿಕೊಳ್ಳತೊಡಗಿದಳು.